ಚೆಕರ್ ಪಾಸ್ ಆಯಿತು, ಲಿಂಕಿನಿಂದ ಮಂಡ್ಯ ಮಾಯವಾಯಿತು

ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್‌ನಲ್ಲಿ ಫಾರ್ಮ್ ಡೇಟಾ ತೊಳೆಯಲು, ಅಂದರೆ ಜನ ತುಂಬಿದ್ದರಲ್ಲಿ ಬೇಡದ್ದು, ಅಪಾಯದ್ದು ಇದ್ದರೆ ತೆಗೆಯಲು, ನಾನು ಮೂರು ದಾರಿ ಹಿಡಿದು ನೋಡಿದ್ದೇನೆ. ಒಂದೊಂದು ಫೀಲ್ಡಿಗೂ ತಕ್ಕ ಸ್ಯಾನಿಟೈಸ್ (ತೊಳೆಯುವ) ಫಂಕ್ಷನ್ ಹಾಕುವುದೇ ನನಗೆ ಇಷ್ಟ. ಅದರಲ್ಲೂ ಒಮ್ಮೆ ಎಡವಿದ್ದೇನೆ.

ಮಂಡ್ಯ ಹತ್ತಿರದ ಆಲೆಮನೆಯೊಂದಕ್ಕೆ ಬೆಲ್ಲದ ಆರ್ಡರ್ ಫಾರ್ಮ್ ಮಾಡಿಕೊಟ್ಟಿದ್ದೆ. ಹೆಸರು, ಫೋನ್, ವಿಳಾಸ, ಮನೆಯ ಮ್ಯಾಪ್ ಲಿಂಕ್. ವರ್ಡ್‌ಪ್ರೆಸ್ ನಿಯಮ ಹಿಡಿದು ಕೋಡಿನ ತಪ್ಪು ತೋರಿಸುವ ಚೆಕರ್, ಪಿಎಚ್‌ಪಿ ಕೋಡ್‌ಸ್ನಿಫರ್, ಸುಮ್ಮನಿದ್ದರೆ ಸಾಕು ಅಂತ ನಾಲ್ಕಕ್ಕೂ ‘ಸ್ಯಾನಿಟೈಸ್ ಟೆಕ್ಸ್ಟ್ ಫೀಲ್ಡ್’ ಹಾಕಿದೆ. ಒಂದೂ ಎಚ್ಚರಿಕೆ ಬರಲಿಲ್ಲ. ವಾರದ ಮೇಲೆ ಯಜಮಾನರ ಫೋನ್: “ಲಿಂಕ್ ಒತ್ತುದ್ರೆ ಮ್ಯಾಪಲ್ಲಿ ಊರೇ ಬತ್ತಿಲ್ಲ ಕಣಪ್ಪ.”

ಬ್ರೌಸರಿನಿಂದ ಕಾಪಿ ಮಾಡಿದ ಲಿಂಕಿನಲ್ಲಿ ಕನ್ನಡ ಸಾಮಾನ್ಯವಾಗಿ ಹಾಗೇ ಇರುವುದಿಲ್ಲ. ಪರ್ಸೆಂಟ್ ಗುರುತಿನಿಂದ ಶುರುವಾಗುವ ತುಂಡುಗಳಾಗಿರುತ್ತದೆ. ‘ಮಂಡ್ಯ’ ಅಂದರೆ ಯೂನಿಕೋಡಿನಲ್ಲಿ 5 ಸಂಕೇತ, ಒಂದೊಂದಕ್ಕೂ 3 ಬೈಟ್, ಒಟ್ಟು 15 ತುಂಡು. ಈ ಫಂಕ್ಷನ್ ಅಂಥ ತುಂಡುಗಳನ್ನೆಲ್ಲ ಕಿತ್ತುಹಾಕುತ್ತದೆ. ನಾನು ಇಂಗ್ಲಿಷ್ ಹೆಸರಿನ ಲಿಂಕಿನಲ್ಲಷ್ಟೇ ಟೆಸ್ಟ್ ಮಾಡಿದ್ದೆ. ಕನ್ನಡದಲ್ಲಿ ಊರು ಹುಡುಕಿದವರ ಲಿಂಕೇ ಹಾಳಾಯಿತು. ತುಂಬಾ ಬೇಜಾರಾಯಿತು.

ಇಲ್ಲಿ ಚೆಕರ್ ತಪ್ಪೇನಿಲ್ಲ. ಫಾರ್ಮಿನಿಂದ ಬಂದದ್ದಕ್ಕೆ ‘ಇಸ್‌ಸೆಟ್’ (ಅದು ನಿಜಕ್ಕೂ ಬಂದಿದೆಯಾ ಅನ್ನೋ ಪರೀಕ್ಷೆ) ಇದೆಯಾ, ‘ಅನ್‌ಸ್ಲ್ಯಾಶ್’ (ವರ್ಡ್‌ಪ್ರೆಸ್ ಸೇರಿಸಿದ ಸ್ಲ್ಯಾಶ್ ತೆಗೆಯುವುದು) ಆಯಿತಾ, ತನ್ನ ಪಟ್ಟಿಯ ಯಾವುದಾದರೂ ಸ್ಯಾನಿಟೈಸ್ ಫಂಕ್ಷನ್ ಇದೆಯಾ ಅಂತ ನೋಡುತ್ತದೆ. ಆ ಫೀಲ್ಡಿಗೆ ಅದು ಹೊಂದುತ್ತದಾ ಅನ್ನೋದು ನಾವು ನೋಡಬೇಕಾದ್ದು, ಅಲ್ವಾ? ಈಗ ಲಿಂಕಿಗೆ ಲಿಂಕಿಗೆಂದೇ ಇರುವ ‘ಎಸ್ಕ್ ಯುಆರ್‌ಎಲ್ ರಾ’ ಹಾಕಿದ್ದೇನೆ. ವಿಳಾಸಕ್ಕೆ ‘ಸ್ಯಾನಿಟೈಸ್ ಟೆಕ್ಸ್ಟ್‌ಏರಿಯಾ ಫೀಲ್ಡ್’. ಸಾಲುಗಳು ಒಡೆದ ಹಾಗೇ ಉಳಿಯುತ್ತವೆ.

ಎರಡನೇ ದಾರಿ, ಪಿಎಚ್‌ಪಿ ಭಾಷೆಯಲ್ಲೇ ಇರುವ ‘ಫಿಲ್ಟರ್ ಇನ್‌ಪುಟ್’. ನೋಡಲು ಚೊಕ್ಕ, ಈ ಎಚ್ಚರಿಕೆಗಳೂ ಬರುವುದಿಲ್ಲ. ಆದರೆ ಯಾವ ಫಿಲ್ಟರ್ ಅಂತ ಹೇಳದಿದ್ದರೆ ಅದು ಏನನ್ನೂ ತೊಳೆಯುವುದಿಲ್ಲ. ಹಳೆಯ ‘ಸ್ಯಾನಿಟೈಸ್ ಸ್ಟ್ರಿಂಗ್’ ಫಿಲ್ಟರ್ 2021ರ ಪಿಎಚ್‌ಪಿ 8.1ರಿಂದ ಡೆಪ್ರಿಕೇಟೆಡ್, ಅಂದರೆ ಇನ್ನು ಬಳಸಬೇಡಿ ಅಂತ ಗುರುತು ಹಾಕಿದ್ದು.

ಮೂರನೆಯದು, ಈ ಸಾಲು ನೋಡಬೇಡ ಅಂತ ಚೆಕರ್‌ಗೆ ಕೋಡಿನಲ್ಲೇ ಬರೆಯುವ ಇಗ್ನೋರ್ ಕಾಮೆಂಟ್. ಅದು ಬೇಡ. ಚೆಕರ್ ಬಾಯಿ ಮುಚ್ಚುತ್ತದೆ, ಕೊಳೆ ಹಾಗೇ ಒಳಗೆ ಹೋಗುತ್ತದೆ.

ಮೈಸೂರಿನ ಮನೆಯಲ್ಲಿ ಒಬ್ಬನೇ ಕೂತು ಕೆಲಸ ಮಾಡುತ್ತೇನೆ. ಟೆಸ್ಟಿಂಗಿಗೆ ಬೇರೆ ಜನ ಇಡುವಷ್ಟು ದುಡ್ಡಿಲ್ಲ. ನನಗೆ ಫೀಲ್ಡಿಗೊಂದು ಫಂಕ್ಷನ್, ಜೊತೆಗೆ ಪುಕ್ಕಟೆ ಸಿಗುವ ಈ ಚೆಕರ್ ಸಾಕು. ಅದು ಪಾಸ್ ಆದಮೇಲೆ ಮಳವಳ್ಳಿ, ಶ್ರೀರಂಗಪಟ್ಟಣ ಅಂತ ಕನ್ನಡದಲ್ಲೇ ಹುಡುಕಿ, ಆ ಲಿಂಕುಗಳನ್ನು ಫಾರ್ಮಿಗೆ ಹಾಕಿ ನೋಡುತ್ತೇನೆ. ಆವತ್ತು ಹಾಳಾದ ಲಿಂಕುಗಳು ಡೇಟಾಬೇಸಿನಿಂದ ವಾಪಸ್ ಸಿಗಲಿಲ್ಲ. ಆ ಗ್ರಾಹಕರಿಗೆಲ್ಲ ನಾನೇ ಫೋನ್ ಮಾಡಿ ದಾರಿ ಕೇಳಿ ಬರೆದುಕೊಂಡೆ.