ಹಾನ್ ಕಾಲದ ‘ಬೆಳಕು ತೂರುವ’ ಕನ್ನಡಿಯ ನಕಲು: ಕೊಳ್ಳುವಾಗ ಏನು ನೋಡಬೇಕು

ಶಾಂಘೈ ಮ್ಯೂಸಿಯಂನಲ್ಲಿ ಚೀನಾದ ಪಶ್ಚಿಮ ಹಾನ್ ರಾಜವಂಶದ ಕಾಲದ, ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ಒಂದು ಪುಟ್ಟ ಕಂಚಿನ ಕನ್ನಡಿಯಿದೆ. ಅದರ ಬೆನ್ನ ಮೇಲೆ ‘ಸೂರ್ಯನ ಬೆಳಕು ಕಂಡರೆ ಲೋಕವೆಲ್ಲ ಬೆಳಗೀತು’ ಎಂಬರ್ಥದ ಚೀನೀ ಬರಹವಿದೆ. ನುಣ್ಣಗಿರುವ ಮುಖದಿಂದ ಬಿಸಿಲನ್ನು ಗೋಡೆಗೆ ಹಾಯಿಸಿದರೆ ಬೆನ್ನ ಮೇಲಿನ ಚಿತ್ತಾರವೇ ಅಲ್ಲಿ ಮೂಡುತ್ತದೆ. ಆನ್‌ಲೈನ್‌ನಲ್ಲಿ ಇದರ ನಕಲುಗಳು ಬೇಕಾದಷ್ಟು ಸಿಗುತ್ತವೆ, ಆದರೆ ಗುಣಮಟ್ಟದಲ್ಲಿ ಅಜಗಜಾಂತರ.

ಒಳ್ಳೆಯ ನಕಲಿನಲ್ಲಿ ಕೆಲಸವೆಲ್ಲ ಲೋಹದ ದಪ್ಪದ ವ್ಯತ್ಯಾಸದಿಂದಲೇ ಆಗುತ್ತದೆ. ಮುಖವನ್ನು ಉಜ್ಜುತ್ತಾ ಹೋದಂತೆ ತೆಳು ಭಾಗ ಒತ್ತಡಕ್ಕೆ ಬಾಗಿ, ಕೈ ತೆಗೆದಾಗ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ; ಅಲ್ಲಿ ಬೆಳಕು ಚದುರುತ್ತದೆ. ಉಬ್ಬು ಗೆರೆಗಳ ಹಿಂದಿನ ದಪ್ಪ ಭಾಗ ಅಷ್ಟಾಗಿ ಉಬ್ಬದ ಕಾರಣ ಗೋಡೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಅಗ್ಗದ ಮಾಲಿನಲ್ಲಿ ಮುಖದ ಮೇಲೇ ಸಣ್ಣಗೆ ಕೊರೆದು ಪ್ಲೇಟಿಂಗ್ ಮಾಡಿರುತ್ತಾರೆ. ಗೋಡೆಯ ಚಿತ್ರಕ್ಕೂ ಬೆನ್ನಿನ ಚಿತ್ತಾರಕ್ಕೂ ತಾಳೆಯಾಗದಿದ್ದರೆ ಅದನ್ನು ಬಿಟ್ಟುಬಿಡಿ. ಪರೀಕ್ಷೆಗೆ ಟ್ಯೂಬ್‌ಲೈಟ್ ಪ್ರಯೋಜನವಿಲ್ಲ. ಬಿಸಿಲು ಅಥವಾ ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಬೇಕು. ಕನ್ನಡಿಯನ್ನು ಬಿಳಿ ಗೋಡೆಯಿಂದ ಒಂದೆರಡು ಮೀಟರ್ ದೂರ ಹಿಡಿದು, ಚಿತ್ರ ತಿಳಿಯಾಗುವ ತನಕ ಹಿಂದೆಮುಂದೆ ಸರಿಸಿ.

ಲೋಹದ ವಿಷಯದಲ್ಲಿ ಹೆಚ್ಚಿನವು ನಿರಾಸೆ ತರುತ್ತವೆ. ಹಾನ್ ಕಾಲದ ಕನ್ನಡಿಗಳಲ್ಲಿ ತವರ ಸುಮಾರು 22–24%, ಜೊತೆಗೆ ಒಂದಿಷ್ಟು ಸೀಸ; ಅದರಿಂದಲೇ ಆ ಬೆಳ್ಳಿಯಂಥ ಬಿಳುಪು, ಅದರಿಂದಲೇ ಕೆಳಗೆ ಬಿದ್ದರೆ ಒಡೆಯುವ ಗುಣ. ನಕಲು ಹಿತ್ತಾಳೆಯದಾದರೆ ಮುಖ ಹಳದಿಯಾಗಿ ಕಾಣುತ್ತದೆ. ಅದನ್ನು ಮುಚ್ಚಲು ನಿಕ್ಕಲ್ ಲೇಪನ ಹಾಕಿದ್ದರೆ ಅಂಚು ಸವೆದಲ್ಲಿ ಹಳದಿ ಇಣುಕುತ್ತದೆ. ಬೆನ್ನಿನ ಹಸಿರು ಕಿಲುಬು ಬರೀ ಬಣ್ಣವೇ ಎಂದು ತಿಳಿಯಲು ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಯಲ್ಲಿ ಅದ್ದಿ ಒಂದು ಮೂಲೆ ಒರೆಸಿ. ಹಸಿರು ಹತ್ತಿಗೆ ಹತ್ತಿದರೆ ಬಳಿದ ಬಣ್ಣ ಅಂತಲೇ ಲೆಕ್ಕ.

ನಡುವಿನ ಗುಬುಟಿನಲ್ಲಿ ಆರಪಾರ ತೂತಿದೆಯೇ ನೋಡಿ. ಹಿಂದಿನವರು ಅದರಲ್ಲಿ ದಾರ ಪೋಣಿಸಿಯೇ ಕನ್ನಡಿ ಹಿಡಿಯುತ್ತಿದ್ದರು. ಕೆಲವು ನಕಲುಗಳಲ್ಲಿ ಅದು ಬರೀ ಗಟ್ಟಿ ಗುಂಡು.

ಮನೆಯ ಹಿತ್ತಾಳೆ ಪಾತ್ರೆ ತೊಳೆದ ಹಾಗೆ ಇದನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಲೇಬೇಡಿ. ಮುಖದ ಆ ಸೂಕ್ಷ್ಮ ಏರಿಳಿತ ಸವೆದರೆ ಗೋಡೆಯ ಮೇಲಿನ ಚಿತ್ರ ಮತ್ತೆ ಬರುವುದಿಲ್ಲ. ಮೆತ್ತನೆಯ ಒಣ ಹತ್ತಿ ಬಟ್ಟೆ ಸಾಕು.