ನ್ಯೂಜೆರ್ಸಿ ಪಬ್‌ನಲ್ಲಿ ಮುಡಿ ಕೊಟ್ಟು ಬಂದೆ: ಸೇಂಟ್ ಬಾಲ್ಡ್ರಿಕ್ಸ್ ಅನುಭವ

ಮೊದಲೇ ಹೇಳ್ಬಿಡ್ತೀನಿ, ನಾನು ಕುಡಿದಿರ್ಲಿಲ್ಲ. ಹೋದ ಮಾರ್ಚ್‌ನಲ್ಲಿ ಒಂದು ಐರಿಷ್ ಪಬ್‌ಗೆ ಹೋಗಿ, ಇನ್ನೂರು ಜನರ ಮುಂದೆ ಸ್ಟೇಜ್ ಮೇಲೆ ಕೂತು, ಪೂರ್ತಿ ತಲೆ ಬೋಳಿಸ್ಕೊಂಡು ಬಂದೆ.

ಸೇಂಟ್ ಬಾಲ್ಡ್ರಿಕ್ಸ್ ಅಂತ ಒಂದು ಫೌಂಡೇಶನ್ ಇದೆ, ಮಕ್ಕಳ ಕ್ಯಾನ್ಸರ್ ರಿಸರ್ಚ್‌ಗೆ ದುಡ್ಡು ಎತ್ತೋದು ಇವರ ಕೆಲಸ. ಆ ಹೆಸರಿನ ಸಂತ ಯಾರೂ ಇಲ್ಲ, ಬಾಲ್ಡ್ ಅಂದ್ರೆ ಬೋಳು, ಅದಕ್ಕೆ ಐರಿಷ್ ಜನರ ಸಂತ ಪ್ಯಾಟ್ರಿಕ್ ಹೆಸರು ಸೇರಿಸಿ ಮಾಡಿದ ತಮಾಷೆ ಅಷ್ಟೇ. 2000ದ ಮಾರ್ಚ್ 17ಕ್ಕೆ, ಅಂದ್ರೆ ಆ ಪ್ಯಾಟ್ರಿಕ್ ಹಬ್ಬದ ದಿನ, ಮ್ಯಾನ್‌ಹ್ಯಾಟನ್‌ನ ಒಂದು ಪಬ್‌ನಲ್ಲಿ ಇನ್ಶೂರೆನ್ಸ್ ಫೀಲ್ಡಿನ ಮೂರು ಜನ ಸ್ನೇಹಿತರು ಶುರು ಮಾಡಿದ್ದು, 17ನೇ ತಾರೀಕು 17 ತಲೆ ಬೋಳಿಸಿ 17 ಸಾವಿರ ಡಾಲರ್ ಎತ್ತೋಣ ಅಂತ ಪ್ಲಾನು, ಕೊನೆಗೆ ಬಂದಿದ್ದು 1 ಲಕ್ಷ 4 ಸಾವಿರ! 2005ರಿಂದ ಈಚೆಗೆ 30 ಕೋಟಿ ಡಾಲರ್‌ಗಿಂತ ಜಾಸ್ತಿ ರಿಸರ್ಚ್‌ಗೆ ಕೊಟ್ಟಿದಾರೆ. ನ್ಯೂರೋಬ್ಲಾಸ್ಟೋಮ ಅಂತ ಪುಟ್ಟ ಮಕ್ಕಳಿಗೆ ಬರೋ ಕೆಟ್ಟ ಕ್ಯಾನ್ಸರ್ ಇದೆಯಲ್ಲ, ಅದಕ್ಕೆ 2015ರಲ್ಲಿ ಡೈನುಟುಕ್ಸಿಮ್ಯಾಬ್ ಅನ್ನೋ ಔಷಧಿಗೆ ಇಲ್ಲಿ ಒಪ್ಪಿಗೆ ಸಿಕ್ತು, ಅದರ ಹಿಂದಿನ ರಿಸರ್ಚ್‌ಗೂ ಇವರ ದುಡ್ಡು ಹೋಗಿದೆ. ನಾನು ಹೂಂ ಅಂದಿದ್ದು ಇದನ್ನ ಓದಿದ ಮೇಲೇನೇ.

ವೆಬ್‌ಸೈಟಲ್ಲಿ ಹೆಸರು ಹಾಕಿದ್ರೆ ನಿಮಗೇ ಒಂದು ಪೇಜ್ ಸಿಗುತ್ತೆ, ನಾನು ತಲೆ ಬೋಳಿಸ್ಕೋತೀನಿ, ನೀವು ದುಡ್ಡು ಹಾಕಿ ಅಂತ ಲಿಂಕ್ ಕಳಿಸಿ ಎಲ್ಲರ ಹತ್ರ ಬೇಡೋದು. ಬೇಡೋದೇ ಕಷ್ಟದ ಕೆಲಸ ಕಣ್ರೀ, ಮೊದಲ ವಾರ ನನ್ನ ಪೇಜಲ್ಲಿ ನನ್ನದೇ 50 ಡಾಲರ್ ಒಂಟಿಯಾಗಿ ಕೂತಿತ್ತು. ಹೆಂಡ್ತಿ ಕೇಳಿದ್ಲು, ದುಡ್ಡು ಕೊಟ್ರೆ ಸಾಕಲ್ವಾ, ತಲೆ ಯಾಕೆ ಬೋಳಿಸ್ಬೇಕು ಅಂತ. ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ.

ಇನ್ನು ಕಟಿಂಗ್ ವಿಷ್ಯ. ಬಾರ್ಬರ್‌ಗಳೆಲ್ಲ ಪುಕ್ಕಟೆ ಬಂದು ಕೆಲಸ ಮಾಡೋರು. ನನಗೆ ಸಿಕ್ಕ ಹುಡುಗ ಇನ್ನೂ ಕಲೀತಿದ್ದ ಅನ್ಸುತ್ತೆ, ಮಷೀನ್ ಕಾದು ಚುರುಕ್ ಅಂತಿತ್ತು, ಎಡಗಿವಿ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಕೂದಲು ಹಾಗೇ ಬಿಟ್ಟಿದ್ದ, ಮನೇಲಿ ಹೆಂಡ್ತಿನೇ ಕ್ಲೀನ್ ಮಾಡಿದ್ದು. ಆದ್ರೆ ಪಕ್ಕದ ಕುರ್ಚೀಲಿ ಟ್ರೀಟ್‌ಮೆಂಟ್ ಮುಗಿಸಿ ಬಂದಿದ್ದ ಏಳೆಂಟು ವರ್ಷದ ಹುಡುಗಿ ಒಬ್ಳು ಮಷೀನ್ ಹಿಡ್ಕೊಂಡು ಅವಳ ಮಾವನ ತಲೆ ಬೋಳಿಸ್ತಿದ್ಲು, ಆತ ಆರಡಿ ಆಳು, ಕಣ್ಣು ಗಟ್ಟಿಯಾಗಿ ಮುಚ್ಕೊಂಡಿದ್ದ, ಅವಳಿಗೆ ಮಾತ್ರ ನಗು ತಡ್ಕೊಳ್ಳಕ್ಕೆ ಆಗ್ತಿರ್ಲಿಲ್ಲ. ಅದನ್ನ ನೋಡಿದ ಮೇಲೆ ಕಿವಿ ಹಿಂದಿನ ಕಂಪ್ಲೇಂಟ್ ಯಾರಿಗೆ ಹೇಳ್ಲಿ.

ನನ್ನ ಕೂದಲು ಕಸದ ಚೀಲಕ್ಕೆ ಹೋಯ್ತು. ವಿಗ್‌ಗೆ ಗೇಣುದ್ದ ಬೇಕಂತೆ. ತಿರುಪತೀಲಾದ್ರೆ ಹರಾಜಿಗಾದ್ರೂ ಹೋಗಿರೋದು.

ರಾತ್ರಿ ಅಮ್ಮಂಗೆ ವಿಡಿಯೋ ಕಾಲ್ ಮಾಡಿದೆ, ಅಲ್ಲಿ ಬೆಳಗಿನ ಕಾಫಿ ಟೈಮು. ನಮ್ಮಲ್ಲಿ ತಲೆ ಬೋಳಾದ್ರೆ ಎರಡೇ ಅರ್ಥ, ಒಂದೋ ಹರಕೆ, ಇಲ್ಲಾ ಮನೇಲಿ ಸಾವು. "ಅಯ್ಯೋ ನಿಮ್ಮಪ್ಪ ಇಲ್ಲೇ ಗುಂಡುಕಲ್ಲಿನ ಹಾಗೆ ಕೂತಿದಾರಲ್ಲೋ!" ಅಂತ ಕೂಗಿದ್ಲು, ಹಿಂದೆ ಅಪ್ಪ ಲೋಟ ಎತ್ತಿ ತೋರ್ಸಿದ್ರು. ಎಲ್ಲಾ ವಿವರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದ್ರೆ ಅದೂ ಹರಕೇನೇ ಬಿಡು, ಬೇರೆಯವ್ರ ಮಕ್ಕಳಿಗೆ ಅಂದ್ಲು.

ಹೆಂಡ್ತಿ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಮೇಲೆ. ಆಫೀಸಲ್ಲಿ, ಪಟೇಲ್ ಅಂಗಡೀಲಿ, ಲಿಫ್ಟಲ್ಲಿ, ನೋಡಿದವ್ರೆಲ್ಲ ಏನಾಯ್ತು ಅಂತ ಕೇಳೋರು, ನಾನು ಹೇಳೋದು, ಅವರು ಅಲ್ಲೇ ಫೋನ್ ತೆಗೆದು 10, 20 ಹಾಕೋದು. ನನ್ನ 840 ಡಾಲರಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದಿದ್ದು ತಲೆ ಬೋಳಾದ ಮೇಲೆ. ಸುಮ್ಮನೆ ದುಡ್ಡು ಕೊಟ್ಟಿದ್ರೆ ಯಾರೂ ಕೇಳ್ತಿರ್ಲಿಲ್ಲ.

ಬೇಜಾರಾಗಿದ್ದು ಒಂದೇ, ನಾನು ಕೆಲಸ ಮಾಡೋ ಕಡೆ ಅಷ್ಟೇ ದುಡ್ಡು ನಾವೂ ಸೇರಿಸ್ತೀವಿ ಅಂದವ್ರು ಮೂರು ತಿಂಗಳು ಫಾರಂ ಮೇಲೆ ಫಾರಂ ತುಂಬಿಸಿದ್ರು.

ಒಟ್ಟು ಅನುಭವಕ್ಕೆ ಐದರಲ್ಲಿ ನಾಲ್ಕೂವರೆ ಸ್ಟಾರ್, ಆ ಅರ್ಧ ಕಿವಿ ಹಿಂದಿನದಕ್ಕೆ ಕಟ್. ಹೋಗೋರು ಉಣ್ಣೆ ಟೋಪಿ ಮರೀಬೇಡಿ, ಮಾರ್ಚ್ ಚಳೀಲಿ ಪಾರ್ಕಿಂಗ್ ಲಾಟ್ ತನಕ ಬೋಳು ತಲೇಲಿ ನಡೆಯೋದು ಇದೆಯಲ್ಲ, ಅಪ್ಪಾ!