ಅರಿಶಿನದ ಕರ್ಕ್ಯುಮಿನ್ ಅಳೆಯಲು ಮೂರು ಬಗೆಯ ಟಿಎಲ್‌ಸಿ: ನಮಗೆ ಒಗ್ಗಿದ್ದು ಅಲ್ಯೂಮಿನಿಯಂ ಹಾಳೆ

ಮಲೆನಾಡಿನ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಅಂತಿಮ ವರ್ಷದ ವಿದ್ಯಾರ್ಥಿಗಳ ಕಿರುಯೋಜನೆಗಾಗಿ ಮೂರು ವರ್ಷಗಳಿಂದ ಅರಿಶಿನ ಪುಡಿಗೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಪ್ರಮಾಣವನ್ನು ತೆಳುಪದರ ವರ್ಣರೇಖನದಿಂದ, ಅಂದರೆ ಎಲ್ಲರೂ ಹೇಳುವ ಟಿಎಲ್‌ಸಿಯಿಂದ, ಅಳೆಯುತ್ತಿದ್ದೇವೆ. ಪ್ಲೇಟಿನ ಮೇಲಿನ ತೆಳು ಸಿಲಿಕಾ ಪದರದ ಕೆಳತುದಿಯಲ್ಲಿ ಮಾದರಿಯ ಚುಕ್ಕೆ ಇಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ, ದ್ರಾವಕ ಮೇಲಕ್ಕೇರುತ್ತ ಬೇರೆ ಬೇರೆ ಪದಾರ್ಥಗಳನ್ನು ಬೇರೆ ಬೇರೆ ಎತ್ತರಕ್ಕೆ ಒಯ್ಯುತ್ತದೆ. ಮೊದಲ ವರ್ಷ ನಾವೇ ಗಾಜಿನ ಮೇಲೆ ಸಿಲಿಕಾ ಬಳಿದು ಪ್ಲೇಟ್ ಮಾಡಿಕೊಂಡೆವು. ಎರಡನೆಯ ವರ್ಷ ಅಲ್ಯೂಮಿನಿಯಂ ಬೆನ್ನಿನ ಸಿದ್ಧ ಹಾಳೆಗಳ ಒಂದು ಪೊಟ್ಟಣ ಕೊಂಡೆವು. ನಡುವೆ ಒಮ್ಮೆ ನಗರದ ಒಂದು ಪ್ರಯೋಗಾಲಯದಲ್ಲಿ ಹಣ ಕೊಟ್ಟು, ಇದೇ ಕೆಲಸವನ್ನು ಯಂತ್ರದಿಂದ ಹೆಚ್ಚು ನಿಖರವಾಗಿ ಮಾಡುವ ಎಚ್‌ಪಿಟಿಎಲ್‌ಸಿ ಉಪಕರಣದಲ್ಲಿಯೂ ಅದೇ ಪುಡಿಗಳನ್ನು ಓಡಿಸಿ ನೋಡಿದೆವು. ಈಗ ನಾನು ಕಣ್ಣುಮುಚ್ಚಿ ಆರಿಸುವುದು ಸಿದ್ಧ ಹಾಳೆಯನ್ನೇ. ಆದರೆ ಅದು ನಮಗೆ ಸುಲಭವಾಗಿ ಒಲಿಯಲಿಲ್ಲ, ಮುಖ್ಯವಾಗಿ ಮಳೆಗಾಲದ ಕಾರಣದಿಂದ.

ಅರಿಶಿನವನ್ನು ಮೆಥನಾಲಿನಲ್ಲಿ ಕರಗಿಸಿ 425 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಓದಿದರೆ ಸಾಲದೇ ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ. ಹಾಗೆ ಓದಿದಾಗ ಸಿಗುವುದು ಒಟ್ಟು ಹಳದಿಯ ಲೆಕ್ಕ. ಅದರಲ್ಲಿ ಕರ್ಕ್ಯುಮಿನ್ ಇರುತ್ತದೆ, ಅದರ ಜೊತೆಗಾರರಾದ ಡಿಮಿಥಾಕ್ಸಿ ಮತ್ತು ಬಿಸ್‌ಡಿಮಿಥಾಕ್ಸಿ ಕರ್ಕ್ಯುಮಿನ್‌ಗಳಿರುತ್ತವೆ, ಯಾರಾದರೂ ಕಲಬೆರಕೆ ಮಾಡಿದ್ದರೆ ಆಹಾರಕ್ಕೆ ನಿಷಿದ್ಧವಾದ ಕೃತಕ ಬಣ್ಣ ಮೆಟಾನಿಲ್ ಯೆಲ್ಲೋ ಕೂಡ ಇರುತ್ತದೆ. ಸಿಲಿಕಾ ಪದರದ ಮೇಲೆ ಕ್ಲೋರೋಫಾರ್ಮ್ ಮತ್ತು ಮೆಥನಾಲನ್ನು 95:5 ಪ್ರಮಾಣದಲ್ಲಿ ಬೆರೆಸಿ ಓಡಿಸಿದರೆ ಕರ್ಕ್ಯುಮಿನ್ ಮೇಲೆ, ಡಿಮಿಥಾಕ್ಸಿ ನಡುವೆ, ಬಿಸ್‌ಡಿಮಿಥಾಕ್ಸಿ ಕೆಳಗೆ ನಿಲ್ಲುತ್ತವೆ. ಮೆಟಾನಿಲ್ ಯೆಲ್ಲೋ ಸಿಲಿಕಾಕ್ಕೆ ಬಲವಾಗಿ ಅಂಟುವ ಸಲ್ಫೊನೇಟ್ ಲವಣವಾದ್ದರಿಂದ ಚುಕ್ಕೆ ಇಟ್ಟ ಗೆರೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಸಾಸಿವೆ ಡಬ್ಬಿಯ ಪಕ್ಕದಲ್ಲಿ ಮನೆಮನೆಯಲ್ಲೂ ಇರುವ ಪುಡಿಯೊಳಗೆ ಇಷ್ಟೆಲ್ಲ ಇದೆಯೆಂದು ವಿದ್ಯಾರ್ಥಿಗಳು ಬರಿಗಣ್ಣಿನಿಂದ ಕಾಣುವ ಆ ಕ್ಷಣಕ್ಕಾಗಿಯೇ ನಾನು ಈ ವಿಧಾನವನ್ನು ಬಿಡುವುದಿಲ್ಲ.

ಕೈಯಿಂದ ಬಳಿದ ಪ್ಲೇಟಿನ ಕಥೆ ಹೀಗಿದೆ. 30 ಗ್ರಾಂ ಸಿಲಿಕಾ ಜೆಲ್ ಜಿಯನ್ನು 60 ಮಿಲಿಲೀಟರ್ ನೀರಿನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದು, ಹರಡುವ ಸಾಧನದಿಂದ ಗಾಜಿನ ಮೇಲೆ ಕಾಲು ಮಿಲಿಮೀಟರ್ ದಪ್ಪಕ್ಕೆ ಎಳೆಯಬೇಕು. ಹೆಸರಿನಲ್ಲಿರುವ ಜಿ ಎಂದರೆ ಜಿಪ್ಸಂ. ಕಲಸಿದ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗತೊಡಗುವುದರಿಂದ ಮೊದಲ ಪ್ಲೇಟಿಗೂ ಐದನೆಯದಕ್ಕೂ ಒಂದೇ ದಪ್ಪ ಬರುವುದಿಲ್ಲ. ಪದಾರ್ಥ ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ ಇದರಿಂದ ತೊಂದರೆಯಿಲ್ಲ, ಎಷ್ಟಿದೆ ಎಂದು ಅಳೆಯುವಾಗ ಮಾತ್ರ ಎಲ್ಲ ಲೆಕ್ಕವೂ ತಪ್ಪುತ್ತದೆ. ಒಂದೇ ಪ್ಲೇಟಿನಲ್ಲಿ ಒಂದೇ ದ್ರಾವಣವನ್ನು ಆರು ಕಡೆ ಸಮನಾಗಿ ಇಟ್ಟು ನೋಡಿದಾಗ, ಅತಿ ಗಾಢವಾದ ಚುಕ್ಕೆಗೂ ಅತಿ ತಿಳಿಯಾದ ಚುಕ್ಕೆಗೂ ಸುಮಾರು ಕಾಲುಭಾಗದಷ್ಟು ಅಂತರ ಬಂದಿತ್ತು. ಪದರ ಮೆದುವಾಗಿರುವುದರಿಂದ ಚುಕ್ಕೆ ಇಡುವ ಸಣ್ಣ ಗಾಜಿನ ಕೊಳವೆಯಾದ ಕ್ಯಾಪಿಲರಿಯ ತುದಿ ತಗುಲಿದರೂ ಸಣ್ಣ ಗುಳಿ ಬೀಳುತ್ತದೆ.

ಸಿದ್ಧ ಹಾಳೆಯಲ್ಲಿ ಈ ಎರಡೂ ತೊಂದರೆಗಳಿಲ್ಲ. ಪದರ 0.2 ಮಿಲಿಮೀಟರ್, ಎಲ್ಲೆಡೆ ಒಂದೇ ಸಮ, ಗಟ್ಟಿ. 20 ಸೆಂಟಿಮೀಟರ್ ಚೌಕದ ಒಂದು ಹಾಳೆಯನ್ನು ಕತ್ತರಿಸಿದರೆ 5 ಗುಣಿಸು 10ರ ಎಂಟು ಪ್ಲೇಟುಗಳಾಗುತ್ತವೆ. 25 ಹಾಳೆಗಳ ಪೊಟ್ಟಣದಲ್ಲಿ ಇನ್ನೂರು. ಕತ್ತರಿ ಮೊಂಡಾಗಿದ್ದರೆ ಅಂಚಿನಲ್ಲಿ ಪದರ ಉದುರಿ ಅಲ್ಲಿ ದ್ರಾವಕ ವೇಗವಾಗಿ ಏರುತ್ತದೆ, ಆದ್ದರಿಂದ ಎರಡೂ ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟೇ ಚುಕ್ಕೆ ಇಡಬೇಕು.

ಪೊಟ್ಟಣ ಬಂದದ್ದು ಜೂನ್ ತಿಂಗಳ ಕೊನೆಯಲ್ಲಿ. ಮೊದಲ ವಾರವೇ ನಮಗೆ ದೊಡ್ಡ ನಿರಾಸೆ ಕಾದಿತ್ತು. ಬೇಸಿಗೆಯಲ್ಲಿ ಗಾಜಿನ ಪ್ಲೇಟಿನಲ್ಲೂ ಬಿಡಿಬಿಡಿಯಾಗಿ ಕಂಡ ಮೂರು ಹಳದಿ ಚುಕ್ಕೆಗಳು ಈಗ ಮೇಲಕ್ಕೇರಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣತೊಡಗಿದವು. ಬೆಳಿಗ್ಗೆ ಓಡಿಸಿದ ಪ್ಲೇಟಿನ ಆರ್‌ಎಫ್, ಅಂದರೆ ದ್ರಾವಕ ಏರಿದ ದೂರಕ್ಕೆ ಹೋಲಿಸಿ ಚುಕ್ಕೆ ಏರಿದ ದೂರದ ಲೆಕ್ಕ, ಮಧ್ಯಾಹ್ನದ ಪ್ಲೇಟಿಗೆ ಹೊಂದುತ್ತಿರಲಿಲ್ಲ. ಹಾಳೆಗಳೇ ಕೆಟ್ಟವೆಂದು ಮಾರಾಟಗಾರರಿಗೆ ಪತ್ರ ಬರೆಯಲು ಹೊರಟಿದ್ದೆ, ಬರೆಯದಿದ್ದದ್ದು ಒಳ್ಳೆಯದಾಯಿತು. ನಿಜವಾದ ಕಾರಣ ಕಿಟಕಿಯ ಹೊರಗಿತ್ತು. ಸಿಲಿಕಾ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಕುಡಿದ ಸಿಲಿಕಾ ಪದಾರ್ಥಗಳನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಆಗ ಎಲ್ಲ ಚುಕ್ಕೆಗಳೂ ದ್ರಾವಕದ ಜೊತೆ ಮೇಲಕ್ಕೆ ಓಡುತ್ತವೆ. ಆಷಾಢದಲ್ಲಿ ಬಟ್ಟೆ ಮೂರು ದಿನವಾದರೂ ಒಣಗದ ಊರಿನಲ್ಲಿ ಇದು ಆಗದಿದ್ದರೇ ಆಶ್ಚರ್ಯಪಡಬೇಕಿತ್ತು.

ಪುಸ್ತಕದಲ್ಲಿರುವಂತೆ 110 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಕಾಯಿಸಿ ನೋಡಿದೆವು. ಕಾದ ಪ್ಲೇಟನ್ನು ಹೊರತೆಗೆದು ಆರಿಸಿ, ಎಂಟು ಚುಕ್ಕೆಗಳನ್ನು ಎಚ್ಚರದಿಂದ ಇಡುವಷ್ಟರಲ್ಲಿ ಹತ್ತು ನಿಮಿಷ ಕಳೆಯುತ್ತದೆ. ಅಷ್ಟರೊಳಗೆ ಕಾಯಿಸಿದ್ದರ ಫಲವೆಲ್ಲ ಗಾಳಿಯ ಪಾಲಾಗಿರುತ್ತದೆ. ನಿಧಾನವಾಗಿ ಚುಕ್ಕೆ ಇಡುವ ವಿದ್ಯಾರ್ಥಿಯ ಪ್ಲೇಟಿಗೂ ಬೇಗ ಇಡುವವಳ ಪ್ಲೇಟಿಗೂ ಫಲಿತಾಂಶ ಬೇರೆಯಾಗುತ್ತಿದ್ದದ್ದು ಇದರಿಂದಲೇ ಎಂದು ನಮಗೆ ಹೊಳೆಯಲು ಎರಡು ವಾರ ಬೇಕಾಯಿತು. ಅಷ್ಟು ದಿನ ನಾನು ಆ ಹುಡುಗನ ಕೈಯನ್ನೇ ದೂರಿದ್ದೆ. ಆ ನೋವು ನನಗೆ ಇನ್ನೂ ಇದೆ.

ಕೊನೆಗೆ ಪ್ಲೇಟನ್ನು ಪೂರ್ತಿ ಒಣಗಿಸುವ ಆಸೆಯನ್ನೇ ಬಿಟ್ಟೆವು. ಪ್ರತಿ ಪ್ಲೇಟೂ ಒಂದೇ ಪ್ರಮಾಣದ ತೇವಕ್ಕೆ ಬಂದು ನಿಂತರೆ ಸಾಕು ಎಂಬುದು ಹೊಸ ಗುರಿಯಾಯಿತು. ಮೆಗ್ನೀಸಿಯಂ ಕ್ಲೋರೈಡಿನ ಪರ್ಯಾಪ್ತ ದ್ರಾವಣದ ಮೇಲಿನ ಮುಚ್ಚಿದ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ 25 ಡಿಗ್ರಿಯಲ್ಲಿ ಸುಮಾರು 33 ಶೇಕಡಾದಲ್ಲಿ ನಿಲ್ಲುತ್ತದೆ. ಬಿಗಿ ಮುಚ್ಚಳದ ಡಬ್ಬಿಯ ತಳದಲ್ಲಿ ಕರಗದ ಹರಳುಗಳು ಉಳಿಯುವಷ್ಟು ಗಟ್ಟಿಯಾದ ಆ ದ್ರಾವಣವನ್ನಿಟ್ಟು, ಮೇಲೆ ಜಾಲರಿ ಇಟ್ಟು, ಚುಕ್ಕೆ ಹಾಕಿ ಮುಗಿದ ಪ್ಲೇಟನ್ನು ಅದರ ಮೇಲೆ ಅರ್ಧ ಗಂಟೆ ಇಟ್ಟು, ಅಲ್ಲಿಂದ ನೇರವಾಗಿ ಫಿಲ್ಟರ್ ಪೇಪರ್ ಹಚ್ಚಿ ಆವಿ ತುಂಬಿಸಿದ ಜಾರಿಗೆ ಇಳಿಸಿದೆವು. ಚುಕ್ಕೆ ಇಟ್ಟ ನಂತರ ಹದಗೊಳಿಸುವುದು ಇಲ್ಲಿ ಮುಖ್ಯ. ಮೊದಲೇ ಹದಗೊಳಿಸಿ ಆಮೇಲೆ ಚುಕ್ಕೆ ಇಟ್ಟರೆ ಹಳೆಯ ತೊಂದರೆಯೇ ಮರಳಿ ಬರುತ್ತದೆ. ಸಿಲಿಕಾದ ಮೇಲೆ ಹರಡಿದ ಕರ್ಕ್ಯುಮಿನ್ ಬೆಳಕಿಗೆ ಬಣ್ಣ ಕಳೆದುಕೊಳ್ಳುವುದರಿಂದ ಡಬ್ಬಿಯ ಮೇಲೆ ಕಪ್ಪು ಬಟ್ಟೆ ಹೊದಿಸಿದೆವು. ಮಾರನೆಯ ದಿನದಿಂದ ಮೂರು ಚುಕ್ಕೆಗಳು ಜುಲೈ ಮಳೆಯಲ್ಲೂ ಬಿಡಿಯಾಗಿ ನಿಂತವು. ಇದೇ ಉಪಾಯವನ್ನು ಗಾಜಿನ ಪ್ಲೇಟಿಗೂ ಮಾಡಿ ನೋಡಿದೆ. ಚುಕ್ಕೆಗಳು ಬೇರ್ಪಟ್ಟವು, ಪದರದ ಏರುಪೇರು ಮಾತ್ರ ಹಾಗೆಯೇ ಉಳಿಯಿತು.

ಕ್ಲೋರೋಫಾರ್ಮಿನ ಬಾಟಲಿ ಬದಲಾದಾಗಲೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಅದು ಕೆಡದಿರಲೆಂದು ಸೇರಿಸುವ ಎಥನಾಲೂ ಚುಕ್ಕೆಗಳನ್ನು ಅಲುಗಿಸುತ್ತದೆ.

ಅಳೆಯುವುದಕ್ಕೆ ನಾವು ಮೊದಲು ಹಳದಿ ಭಾಗವನ್ನು ಕೆರೆದು ಮೆಥನಾಲಿನಲ್ಲಿ ಕರಗಿಸಿ ಓದುತ್ತಿದ್ದೆವು. ಕೆರೆಯುವಾಗ ಪುಡಿ ಹಾರುತ್ತದೆ, ಚೂರುಪಾರು ಬಿಟ್ಟುಹೋಗುತ್ತದೆ, ದಿನಕ್ಕೆ ಎರಡು ಪ್ಲೇಟು ಮುಗಿದರೆ ಹೆಚ್ಚು. ಈಗ ಕಾಲೇಜು ಕಚೇರಿಯ ಸ್ಕ್ಯಾನರನ್ನೇ ಬಳಸುತ್ತೇವೆ. ಪ್ಲೇಟಿನ ಮೇಲೆ ತೆಳು ಪಾರದರ್ಶಕ ಹಾಳೆಯಿಟ್ಟು ಬೋರಲಾಗಿ ಮಲಗಿಸಿ, ಬಣ್ಣ ಸರಿಪಡಿಸುವ ಸೌಲಭ್ಯಗಳನ್ನೆಲ್ಲ ನಿಲ್ಲಿಸಿ, ಟಿಫ್ ಕಡತವಾಗಿ ಉಳಿಸಿ, ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶದಲ್ಲಿ ನೀಲಿ ಚಾನೆಲನ್ನು ಮಾತ್ರ ಬೇರ್ಪಡಿಸಿ ಅಳೆಯುತ್ತೇವೆ. ಹಳದಿ ವಸ್ತು ಹೀರುವುದು ನೀಲಿ ಬೆಳಕನ್ನು, ಆದ್ದರಿಂದ ಆ ಚಾನೆಲಿನಲ್ಲಿ ಚುಕ್ಕೆ ಕಪ್ಪಾಗಿ ಎದ್ದು ಕಾಣುತ್ತದೆ. ಮೊಬೈಲ್ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಬೆಳಕನ್ನೂ ಬಣ್ಣವನ್ನೂ ತಾನೇ ತಿದ್ದುವುದರಿಂದ ಅದನ್ನು ಕೈಬಿಟ್ಟೆವು. ಚುಕ್ಕೆಯ ಗಾಢತೆ ಪ್ರಮಾಣದ ಜೊತೆ ನೇರ ಗೆರೆಯಲ್ಲಿ ಏರದೆ ಬಾಗುವುದರಿಂದ, ಪ್ರತಿ ಪ್ಲೇಟಿನಲ್ಲೂ ನಾಲ್ಕು ಗೊತ್ತಿರುವ ಪ್ರಮಾಣಗಳನ್ನು, ಸುಮಾರು 100ರಿಂದ 800 ನ್ಯಾನೋಗ್ರಾಂವರೆಗೆ, ಇಡಲೇಬೇಕು. ಗಾಜಿನ ಪ್ಲೇಟನ್ನು ಹೀಗೆ ಮಲಗಿಸಿದ ಒಂದೇ ಸಲಕ್ಕೆ ಸ್ಕ್ಯಾನರಿನ ಮೇಲೆಲ್ಲ ಸಿಲಿಕಾ ಉದುರಿತು.

ಆ ಗೊತ್ತಿರುವ ಪ್ರಮಾಣಗಳಿಗೆ ಬಳಸುವ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕರ್ಕ್ಯುಮಿನ್‌ನಲ್ಲಿ ಸುಮಾರು 77 ಶೇಕಡಾ ಮಾತ್ರ ನಿಜವಾದ ಕರ್ಕ್ಯುಮಿನ್, 17ರಷ್ಟು ಡಿಮಿಥಾಕ್ಸಿ, 3ರಷ್ಟು ಬಿಸ್‌ಡಿಮಿಥಾಕ್ಸಿ ಇರುತ್ತವೆ. ಅದನ್ನೇ ಶುದ್ಧವೆಂದು ನಂಬಿ ಲೆಕ್ಕ ಹಾಕಿದರೆ ಎಲ್ಲ ಅರಿಶಿನವೂ ಇದ್ದದ್ದಕ್ಕಿಂತ ಉತ್ತಮವೆಂದು ತೋರುತ್ತದೆ. ಮೊದಲ ವರ್ಷದ ನಮ್ಮ ವರದಿಯಲ್ಲಿ ಈ ತಪ್ಪಿತ್ತು. ತಿದ್ದಿ ಮತ್ತೆ ಸಲ್ಲಿಸಿದೆವು.

ಎಚ್‌ಪಿಟಿಎಲ್‌ಸಿ ಎಲ್ಲದರಲ್ಲೂ ಮೇಲು. ಅದರ ಪದರದ ಕಣಗಳು 5–6 ಮೈಕ್ರೋಮೀಟರ್, ನಮ್ಮ ಹಾಳೆಯ ಕಣಗಳ ಅರ್ಧದಷ್ಟು. ಯಂತ್ರವೇ ಮಾದರಿಯನ್ನು ಗೆರೆಯಾಗಿ ಸಿಂಪಡಿಸುತ್ತದೆ, ಆರು ಸೆಂಟಿಮೀಟರ್ ಓಟಕ್ಕೇ ಮೂರೂ ಬೇರ್ಪಡುತ್ತವೆ, ಗಾಢತೆ ಅಳೆಯುವ ಡೆನ್ಸಿಟೋಮೀಟರ್ ಪ್ರಮಾಣವನ್ನು ಓದಿ ಹೇಳುತ್ತದೆ. ನಾವು ಒಯ್ದ ಚಾಮರಾಜನಗರದ ಅರಿಶಿನದ ಪುಡಿಗೆ ಅಲ್ಲಿ ಬಂದ ಅಂಕಿಗೂ ನಮ್ಮ ಸ್ಕ್ಯಾನರಿನ ಅಂಕಿಗೂ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸವಿತ್ತು. ಪತ್ರಿಕೆಗೆ ಕಳುಹಿಸುವ ಸಂಶೋಧನೆಯಾದರೆ ಅಲ್ಲಿಗೇ ಹೋಗಬೇಕು. ನಮ್ಮಲ್ಲಿ ಇಪ್ಪತ್ತನಾಲ್ಕು ವಿದ್ಯಾರ್ಥಿಗಳಿದ್ದಾರೆ; ಒಂದು ದಿನದ ಶುಲ್ಕ ಮತ್ತು ಬಸ್ಸಿನ ಖರ್ಚಿನಲ್ಲಿ ಒಂದು ಪೊಟ್ಟಣ ಹಾಳೆ ಬರುತ್ತದೆ, ಅಲ್ಲಿ ಪ್ಲೇಟನ್ನು ಮುಟ್ಟುವುದು ತಂತ್ರಜ್ಞರೊಬ್ಬರೇ.

ಗಾಜಿನ ಪ್ಲೇಟುಗಳನ್ನು ನಾನು ಎಸೆದಿಲ್ಲ. ಮೊಟ್ಟೆಯ ಹಳದಿಯಲ್ಲಿನ ಕೊಲೆಸ್ಟರಾಲನ್ನು ಹೆಕ್ಸೇನ್, ಡೈಈಥೈಲ್ ಈಥರ್, ಅಸಿಟಿಕ್ ಆಮ್ಲಗಳ 80:20:1ರ ಮಿಶ್ರಣದಲ್ಲಿ ಓಡಿಸುವ ಪ್ರಯೋಗಕ್ಕೆ ಅವೇ ಬೇಕು. ಕೊಬ್ಬಿನ ಪದಾರ್ಥಗಳಿಗೆ ಬಣ್ಣವಿಲ್ಲದ ಕಾರಣ ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ ಬಿಸಿಮಾಡಿ ಕಪ್ಪಾಗಿಸಬೇಕಾಗುತ್ತದೆ. ಆ ಆಮ್ಲ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಸಿದ್ಧ ಹಾಳೆಯ ಸಾವಯವ ಅಂಟು ತಾನೂ ಕಪ್ಪಾಗುತ್ತದೆ. ಗಾಜಿಗಾಗಲಿ ಜಿಪ್ಸಂಗಾಗಲಿ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ಈ ವರ್ಷದ ಬೇಡಿಕೆಪಟ್ಟಿಯಲ್ಲಿ ಒಂದು ಪೊಟ್ಟಣ ಅಲ್ಯೂಮಿನಿಯಂ ಹಾಳೆ, ಅರ್ಧ ಕಿಲೋ ಮೆಗ್ನೀಸಿಯಂ ಕ್ಲೋರೈಡ್, ಒಂದು ಚಿಕ್ಕ ಡಬ್ಬಿ ಸಿಲಿಕಾ ಜೆಲ್ ಜಿ ಬರೆದಿದ್ದೇನೆ. ಮೊಟ್ಟೆಯ ಪ್ರಯೋಗವನ್ನು ಪ್ಲೇಟುಗಳು ಬೇಗ ಒಣಗುವ ಫೆಬ್ರುವರಿಗೆ ಇಟ್ಟುಕೊಂಡಿದ್ದೇವೆ.